ಎಡಕ್ಕೆ ತಿರುಚಿದ ಹನಿ

"ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ನಿಮ್ಮ ಯಜಮಾನ್ರ ಹೆಸರೇ ಇಲ್ಲಮ್ಮ," ಎಂದು ಕಾರ್ಮಿಕ ಇಲಾಖೆಯ ಗುಮಾಸ್ತ ಅವಳ ಅರ್ಜಿಯನ್ನು ಮೂರನೆಯ ಸಲ ಕಿಟಕಿಯಿಂದ ಹೊರಕ್ಕೆ ತಳ್ಳಿದ. "ಅಲ್ಲಿ ಕೆಲಸ ಮಾಡಿದ್ದಕ್ಕೆ ಸೀಲ್ ಇರೋ ಕಾಗದ ತನ್ನಿ. ಕೆಲಸದಿಂದ್ಲೇ ಎದೆ ಕೆಡ್ತು ಅನ್ನೋದು ಆಮೇಲೆ. ಆಸ್ಪತ್ರೆಗೆ ಚೀಟಿ ಅದಕ್ಕೂ ಆಮೇಲೆ."

ಅವಳ ಗಂಡ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಮೊದಲ ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಅಷ್ಟಕ್ಕೇ ತುಟಿ ನೀಲಿಯಾಗಿತ್ತು.

"ಕಾಗದ ಯಾಕೆ, ಅಲ್ಲಿ ನೋಡಿ," ಎಂದು ಅವಳು ಪಡಸಾಲೆಯ ಕಂಬಿಯಾಚೆ ಕೈ ತೋರಿಸಿದಳು.

ಚಾವಣಿಯಿಂದ ಸಾವಿರಾರು ಗಾಜಿನ ಹನಿಗಳು ತಂತಿಯಲ್ಲಿ ತೂಗುತ್ತಿದ್ದವು. ಕೆಳಗೆ ಹಗ್ಗದಾಚೆ ನಿಂತವರು ಕತ್ತೆತ್ತಿ ಫೋಟೊ ತೆಗೆಯುತ್ತಿದ್ದರು. ಗೋಡೆಯ ಹಿತ್ತಾಳೆ ಫಲಕದಲ್ಲಿ 'ಮಳೆ' ಎಂದಿತ್ತು. ಕಲಾವಿದರ ಹೆಸರಿತ್ತು, ಕಾರ್ಖಾನೆಯ ಹೆಸರಿತ್ತು, ಉದ್ಘಾಟಿಸಿದ ಮಂತ್ರಿಗಳದ್ದು ಎಲ್ಲಕ್ಕಿಂತ ದಪ್ಪಕ್ಷರದಲ್ಲಿತ್ತು.

"ಊದಿದ ಮೇಲೆ ಹನಿಯ ಬಾಲ ತಿರುಚಿ ಬಾಯಿ ಮುಚ್ತಾರೆ. ಎಡಕ್ಕೆ ತಿರುಚಿರೋದೆಲ್ಲ ಇವರದ್ದು. ಆ ಕುಲುಮೇಲಿ ಇವರೊಬ್ಬರೇ ಎಡಚರು. ಒಳಗಿರೋದು ಇವರ ಉಸಿರೇ ಸ್ವಾಮಿ."

ಗುಮಾಸ್ತ ಕತ್ತು ಚಾಚಿ ನೋಡಿದ. "ಹೌದಲ್ಲ, ದಿನಾ ನೋಡ್ತೀನಿ, ಬಾಲ ಗಮನಿಸಿರ್ಲಿಲ್ಲ. ಆದ್ರೆ ಗಾಜನ್ನ ತೂತು ಕೊರೆದು ಫೈಲಿಗೆ ಹಾಕ್ಲಾ?" ಪಕ್ಕದ ಟೇಬಲ್ಲಿನವನು ಕಿಸಕ್ಕನೆ ನಕ್ಕ.

"ಬಾರೇ... ಹೋಗೋಣ," ಎಂದ ಗಂಡ. ಎರಡು ಮಾತಿಗೆ ಎರಡು ಉಸಿರು.

"ನೀವು ಸುಮ್ನಿರಿ. ಸುಮ್ನಿದ್ದೂ ಇದ್ದೂ ಇಲ್ಲಿಗೆ ಬಂದಿರೋದು."

ಅವನ ಊರುಗೋಲು ಕಿತ್ತುಕೊಂಡು ಕಂಬಿಯ ಮೇಲೆ ಬಾಗಿದಳು. ಹಗ್ಗದೊಳಗೆ ಯಾರೂ ಇಲ್ಲದ್ದನ್ನು ನೋಡಿ, ಬಾಲ ಎಡಕ್ಕಿದ್ದ ಒಂದು ಹನಿಯನ್ನು ಆರಿಸಿ ಬಾರಿಸಿದಳು. ಹನಿ ಪಟ್ಟನೆ ಒಡೆದು ಚೂರುಗಳು ಕೆಳಗಿನ ನೆಲಕ್ಕೆ ಉದುರಿದವು. ಗಂಡ ಕಣ್ಣು ಮುಚ್ಚಿಕೊಂಡ.

ಗುಮಾಸ್ತನ ತಮಾಷೆ ನಿಂತಿತು. ಸರ್ಕಾರಿ ಸ್ವತ್ತು ಒಡೆದವರ ಮೇಲೆ ವರದಿ ಬರೆಯುವ ಅಚ್ಚಿನ ನಮೂನೆ ಅವನ ಡ್ರಾಯರಿನಲ್ಲೇ ಇತ್ತು. ಅದಕ್ಕೆ ಯಾವ ದಾಖಲೆಯೂ ಲಗತ್ತಿಸಬೇಕಿರಲಿಲ್ಲ. ಅದನ್ನು ತೆಗೆದು ಅವಳ ಹೆಸರು ಬರೆದ, ವಿಳಾಸ ಬರೆದ, ಗಂಡನ ಹೆಸರು ಬರೆದ.

"ಗಂಡನ ಕಸುಬು?"

"ಗಾಜು ಊದೋದು. ಕಾರ್ಖಾನೆ ಹೆಸರು ಫಲಕದಲ್ಲಿದೆ, ನೋಡ್ಕೊಂಡು ತಪ್ಪಿಲ್ದೆ ಬರೀರಿ," ಎಂದಳು, ಕೋಲನ್ನು ಗಂಡನ ಕೈಗೆ ಕೊಡುತ್ತ. "ಸೀಲ್ ಒತ್ತಿ ನಂಗೊಂದು ಪ್ರತಿ ಕೊಡಿ."