ಕಿರಣದ ಕೆಳಗೆ

ಯಾಮಿನಿ ಬಾಗಿಲು ತಳ್ಳಿದಾಗ ಕುಶಾಲ್‌ನ ಕೈ ಅವಳ ಲೇಸರ್ ಉಪಕರಣದ ಮೇಲಿತ್ತು.

“ಏನ್ ಮಾಡ್ತಿದ್ದೀಯಾ?”

“ಏನಿಲ್ಲ. ಸುಮ್ನೆ ನೋಡ್ತಿದ್ದೆ,” ಎಂದು ಅವನು ಹಿಂದೆ ಸರಿದ.

ಘಣಸೋಲಿಯ ಆ ಪ್ರಯೋಗಾಲಯದಲ್ಲಿ ಇಬ್ಬರೂ ಡಾ. ವಿಷ್ಣುಮೂರ್ತಿಯವರ ಸಂಶೋಧನಾ ವಿದ್ಯಾರ್ಥಿಗಳು. ಯಾಮಿನಿ ಗಾಜಿನ ಮೇಲೆ ಟೈಟಾನಿಯಂ ಆಕ್ಸೈಡಿನ ತೆಳು ಪದರ ಬೆಳೆಸುತ್ತಿದ್ದಳು. ಅದರ ಮೇಲೆ ಹಸಿರು ಲೇಸರ್ ಬಿಟ್ಟು, ಚದುರಿ ಬಂದ ಬೆಳಕಿನ ರೇಖೆಗಳನ್ನು ಓದಿದರೆ ಒಳಗಿನ ಹರಳು ಯಾವ ಬಗೆಯದೆಂದು ತಿಳಿಯುತ್ತದೆ. ಅವಳು ಬೆಳೆಸಿದ್ದು ಅನಟೇಸ್ ಎಂಬ ಹರಳು. ಕೆಲವು ದಿನ ಪರದೆಯ ಮೇಲೆ ಅದೇ ಮೂಡುತ್ತಿತ್ತು. ಕೆಲವು ದಿನ ಬೇರೆಯೇ ಹರಳು, ರೂಟೈಲ್. ಯಾರೋ ಪದರ ಬದಲಿಸುತ್ತಿದ್ದಾರೆಂಬ ಗುಮಾನಿ ಅವಳಿಗೆ ಮೊದಲೇ ಇತ್ತು. ಈಗ ಅದಕ್ಕೊಂದು ಮುಖ ಸಿಕ್ಕಿತು.

ರೇಖೆಗಳ ಹಾಳೆ ಹಿಡಿದು, ದೂರು ಕೊಡಲು ನೇರ ವಿಷ್ಣುಮೂರ್ತಿಯವರ ಕೋಣೆಗೆ ನಡೆದಳು. ದಿನಾ ಬೆಳಗ್ಗೆ ಲೇಸರನ್ನು ತಾವೇ ಹೊಂದಿಸುವ ಮನುಷ್ಯ. ಬೇರೆಯವರು ಮುಟ್ಟಿದರೆ ಸಿಡಿಮಿಡಿ. “ರೇಖೆಗಳನ್ನ ನೀನೇ ಓದಿ ಹೇಳಮ್ಮ,” ಎಂದರು. ಓದಿದಳು. ಕುಶಾಲ್‌ನನ್ನು ಕರೆಸಿದರು.

“ಮುಟ್ಟಿದ್ದು ನಿಜವೇನಪ್ಪಾ?”

ಕುಶಾಲ್ ಬಹಳ ಹೊತ್ತು ಅವರ ಮುಖವನ್ನೇ ನೋಡಿದ. “ನಿಜ, ಸರ್.”

ಯಾಕೆಂದು ಅವರು ಕೇಳಲಿಲ್ಲ.

ಹೊರಹಾಕುವ ಆದೇಶ ಮುಂದಿಟ್ಟಾಗ ಸಹಿ ಎಲ್ಲಿ ಹಾಕಬೇಕೆಂದೇ ಅವರಿಗೆ ತೋಚಲಿಲ್ಲ. ಪ್ರೀತಿಯ ಶಿಷ್ಯ, ಸಂಕಟವಾಗಿರಬೇಕು ಎಂದುಕೊಂಡ ಯಾಮಿನಿ ಬೆರಳಿಟ್ಟು ತೋರಿಸಿದಳು.

ಕುಶಾಲ್ ವಿಠ್ಠಲವಾಡಿಯ ಬಾಡಿಗೆ ಕೋಣೆ ಖಾಲಿ ಮಾಡಿ ಮೈಸೂರಿನ ರೈಲು ಹತ್ತಿದ. ಅವನ ಡಾಕ್ಟರೇಟಿನ ಕನಸು ಅಲ್ಲಿಗೆ ಮುಗಿಯಿತು.

ಆಮೇಲೆ ಒಂದು ಪದರವೂ ಉಳಿಯಲಿಲ್ಲ. ಲೇಸರಿನ ಕೆಳಗೆ ಇಟ್ಟದ್ದೆಲ್ಲ ರೂಟೈಲ್.

ಕೊನೆಗೆ ಯಾಮಿನಿ ಒಳಗಿನಿಂದ ಚಿಲಕ ಹಾಕಿ, ಹೊಸ ಪದರವಿಟ್ಟು ಕುಳಿತಳು. ಮೊದಲು ಬಂದದ್ದು ಅನಟೇಸ್. ಕಿರಣ ಆರಿಸದೆ ಕಾದಳು. ನೋಡುತ್ತಿದ್ದಂತೆ ಆ ರೇಖೆಗಳು ಕುಗ್ಗಿದವು, ಪಕ್ಕದಲ್ಲಿ ಬೇರೆಯವು ಎದ್ದವು. ಪದರವನ್ನು ಯಾರೂ ಬದಲಿಸಿರಲಿಲ್ಲ. ಲೇಸರಿನ ಬಿಸಿಗೇ ಹರಳು ರೂಪ ಬದಲಿಸುತ್ತಿತ್ತು. ಲೇಸರ್ ಪೆಟ್ಟಿಗೆಯ ಹಿಂಬದಿಯಲ್ಲಿ ಶಕ್ತಿ ತೋರಿಸುವ ಪುಟ್ಟ ಅಂಕಿಯನ್ನು ಅವಳು ಅಂದೇ ಮೊದಲು ಬಗ್ಗಿ ನೋಡಿದ್ದು. ಬೆಳಗ್ಗೆ ಸರ್ ಹೊಂದಿಸಿಟ್ಟ ಶಕ್ತಿ ಇರಬೇಕಾದ್ದರ ಹತ್ತು ಪಟ್ಟಿತ್ತು.

ಮೈಸೂರಿಗೆ ಫೋನ್ ಮಾಡಿದಳು.

“ಕುಶಾಲ್, ನೀನು ಲೇಸರಿನ ಶಕ್ತಿ ತಗ್ಗಿಸ್ತಿದ್ದೆ, ಅಲ್ವಾ? ಅವತ್ತು ಯಾಕೋ ಬಾಯಿ ಬಿಡ್ಲಿಲ್ಲ?”



“ಸರ್‌ಗೆ ಕಣ್ಣು ಕಾಣಲ್ಲ, ಯಾಮಿನಿ. ಯಾರಿಗೂ ಹೇಳ್ಬೇಡಪ್ಪಾ ಅಂತ ನನ್ನ ಕೈ ಹಿಡ್ಕೊಂಡು ಅತ್ತಿದ್ರು.”