ಒಂದು ಹಿಡಿಕಿಗೆ ಕಟ್ಟಿದ ತಂತಿ

ಅಪ್ಪನ ಬೆರಳು ಹೋಗಿದ್ದು ಮಷೀನಿನ ತಪ್ಪಿನಿಂದಲ್ಲ, ಅಪ್ಪನ ತಪ್ಪಿನಿಂದ. ಕಾದ ಮಷೀನ್ ಎಣ್ಣಿ ವಾಸನಿ ಬಂದ್ರ ಇವತ್ತಿಗೂ ಆ ಮಧ್ಯಾಹ್ನ ನೆನಪಾಗತದ.

ಇಳಕಲ್ಲಿನ ನಮ್ಮ ಕಟ್ಟಿಗಿ ಅಡ್ಡ್ಯಾಗ ಎಣ್ಣಿ ಒತ್ತಡದಲೆ ಕೊರಡು ಸೀಳೋ ಹಳೇ ಮಷೀನಿತ್ತು. ಎರಡೂ ಕೈಲೆ ಎರಡು ಹಿಡಿಕಿ ಒತ್ತಿದ್ರಷ್ಟ ಅದರ ಬೆಣಿ ಮುಂದ ಬರತಿತ್ತು. ಕೊರಡಿಡೋ ತಳ ಸವೆದು ಜಾಲಿ ಕೊರಡು ಹೊರಳತಿದ್ದುವು. ಅದಕ್ಕ ಅಪ್ಪ ಕೊರಡು ಹಿಡಿಯಾಕ ಒಂದು ಕೈ ಖಾಲಿ ಇರ್ಲಿ ಅಂತ ಒಂದು ಹಿಡಿಕಿ ಒತ್ತಿ ತಂತಿ ಬಿಗಿದ.

“ಎರಡೂ ಕೈ ದೂರ ಇರ್ಲಿ ಅಂತ ಹಂಗ ಮಾಡ್ಯಾರ್ರಿ, ಬಿಚ್ರಿ,” ಅಂದಳು ಅವ್ವ.

“ಕೊರಡು ನಿಮ್ಮಪ್ಪ ಬಂದು ಹಿಡಿತಾನೇನು?”

ಅಪ್ಪ ಎಡಗೈಲೆ ಕೊರಡು ಹಿಡಿದ, ಬಲಗೈಲೆ ಹಿಡಿಕಿ ಒತ್ತಿದ. ಮೂರು ಬೆರಳು ಹೋದುವು.

ಮರುದಿನ ಮುಂಜಾನೆ ಅವ್ವ ತಂತಿ ಬಿಚ್ಚಿ ಎರಡೂ ಹಿಡಿಕಿ ತಾನೇ ಹಿಡಿದಳು. ನಾ ಸಾಲಿ ಚೀಲ ಗೂಟಕ್ಕ ಹಾಕಿ, ಕೊರಡು ಹಿಡಿದು ಕುಂತೆ.