ನೆಲ್ಲಿಮರದ ಬಂದಳಿಕೆ

"ಬಾಗಿಲು ಹಾಕ್ಕೊಂಡು ಬಾ" ಎಂದರು ಪ್ರೊಫೆಸರ್.

ಕೇತಮ್ಮ ಬಾಗಿಲು ಹಾಕಿ ಬಂದು ಮೇಜಿನ ಮುಂದೆ ನಿಂತಳು. ಸೋಲಿಗರ ಪೋಡಿನಿಂದ, ಕಾಡೊಳಗಿನ ಆ ಪುಟ್ಟ ಹಟ್ಟಿಯಿಂದ, ಸಂಶೋಧನೆಗೆ ಬಂದವಳು ಅವಳೊಬ್ಬಳೇ. ವಾಪಸ್ ಕಳಿಸಿಬಿಟ್ಟರೆ?

ಮೇಜಿನ ಮೇಲೆ ಅವಳ ಪ್ರಬಂಧವಿತ್ತು. ಮೇಲುಗಡೆ ಲೇಖಕರ ಸಾಲಿನಲ್ಲಿ ಮೊದಲು ಅವರ ಹೆಸರು, ಆಮೇಲೆ ಅವಳದು.

"ತರಗೆಲೆ ಸುಟ್ಟರೆ ನೆಲ್ಲಿಮರಕ್ಕೆ ರಸ ಹೀರೋ ಬಂದಳಿಕೆ ಹತ್ತಲ್ಲ ಅಂತ ಬರೆದಿದ್ದೀಯ. ಈ ವಿಚಾರ ಯಾವ ಪುಸ್ತಕದ್ದು?"

ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

"ಪುಸ್ತಕದ್ದಲ್ಲ ಸಾರ್. ನಮ್ಮಜ್ಜಿ ಹೇಳಿದ್ದು. ಎರಡು ವರ್ಷ ಮರ ಎಣಿಸಿ ನೋಡಿದೆ, ನಿಜವೇ."

"ಅಜ್ಜಿ ಎಷ್ಟು ಓದಿದಾರೆ?"

"ಓದಿಲ್ಲ ಸಾರ್. ತಪ್ಪಾಯ್ತು, ಅದನ್ನು ತೆಗೆದುಹಾಕ್ತೀನಿ."

ಅವರು ಕೆಂಪು ಪೆನ್ನು ಎತ್ತಿಕೊಂಡರು.

ಮೊದಲಿಗಿದ್ದ ತಮ್ಮ ಹೆಸರನ್ನು ಹೊಡೆದುಹಾಕಿ, "ಅಜ್ಜಿಯ ಹೆಸರು ಹೇಳಮ್ಮ" ಎಂದರು.